ಅಂಡಾಣುವಿನೊಳಗೆ ಸವೆಯುವ ಬಳೆಗಳು

‘ಎಎಂಎಚ್ ಚೆನ್ನಾಗಿದೆ ಅಂದರು, ಅಂಡಾಣುಗಳೂ ಸಾಕಷ್ಟು ಸಿಕ್ಕವು. ಆದರೂ ಗರ್ಭ ಯಾಕೆ ನಿಲ್ಲುತ್ತಿಲ್ಲ?’ ನಲವತ್ತರ ಆಸುಪಾಸಿನ ದಂಪತಿಗಳು ಐವಿಎಫ್ ಕೇಂದ್ರಗಳಲ್ಲಿ ಕೇಳುವ ಪ್ರಶ್ನೆ ಇದು. ಎಎಂಎಚ್ ಎಂಬ ಹಾರ್ಮೋನಿನ ಪರೀಕ್ಷೆಯಿಂದ ಅಂಡಾಣುಗಳ ಸಂಖ್ಯೆಯ ಅಂದಾಜು ಸಿಗುತ್ತದೆ. ಅವುಗಳೊಳಗೆ ವರ್ಣತಂತುಗಳು ಸರಿಯಾಗಿ ಬೇರ್ಪಡುತ್ತವೆಯೇ ಎಂಬುದು ಆ ರಕ್ತಪರೀಕ್ಷೆಗೆ ನಿಲುಕದ ಸಂಗತಿ.

ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅದರ ಅಂಡಾಣುಗಳಲ್ಲಿ ಮಿಯೋಸಿಸ್, ಅಂದರೆ ವರ್ಣತಂತುಗಳನ್ನು ಅರ್ಧಕ್ಕಿಳಿಸುವ ವಿಭಜನೆ, ಶುರುವಾಗಿರುತ್ತದೆ. 23 ಜೋಡಿ ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಪ್ರತಿ ವರ್ಣತಂತುವಿನ ಎರಡು ಎಳೆಗಳನ್ನು ಕೊಹೆಸಿನ್ ಎಂಬ ಪ್ರೋಟೀನ್ ಬಳೆಯಂತೆ ಸುತ್ತಿ ಹಿಡಿದಿರುತ್ತದೆ. ಅಲ್ಲಿಗೆ ಕೆಲಸ ನಿಂತುಬಿಡುತ್ತದೆ. ಮುಂದುವರಿಯುವುದು ಆ ಅಂಡಾಣು ಬಿಡುಗಡೆಯಾಗುವ ತಿಂಗಳಲ್ಲಿ. ಅದು 15ನೇ ವಯಸ್ಸಿಗಾಗಬಹುದು, 42ಕ್ಕೂ ಆಗಬಹುದು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಂತೆ, ವರ್ಷ ಕಳೆದಂತೆ ಸವೆದ ಬಳೆಯ ಜಾಗಕ್ಕೆ ಹೊಸ ಬಳೆ ಬರುವುದಿಲ್ಲ.

ನಿಂತ ಕೆಲಸ ಮತ್ತೆ ಶುರುವಾದಾಗ ವರ್ಣತಂತುಗಳನ್ನು ಎಳೆಯುವ ಸ್ಪಿಂಡಲ್ ಕಟ್ಟಿಕೊಳ್ಳಬೇಕು. ಇಲಿಯ ಅಂಡಾಣುವಿಗೆ ಇದಕ್ಕೆ 3ರಿಂದ 5 ಗಂಟೆ ಸಾಕು, ಮನುಷ್ಯರದ್ದಕ್ಕೆ ಸುಮಾರು 16 ಗಂಟೆ ಬೇಕು. ಆಮೇಲೆ ಸೆಪರೇಸ್ ಎಂಬ ಕಿಣ್ವ ವರ್ಣತಂತುವಿನ ತೋಳುಗಳ ಮೇಲಿನ ಬಳೆಗಳನ್ನು ಕತ್ತರಿಸುತ್ತದೆ, ಜೋಡಿ ಬಿಡುತ್ತದೆ. ಎರಡು ಎಳೆಗಳು ಕೂಡುವ ಜಾಗವಾದ ಸೆಂಟ್ರೊಮಿಯರ್ ಬಳಿಯ ಬಳೆಗಳನ್ನು ಮಾತ್ರ ಶುಗೋಶಿನ್ ಎಂಬ ಪ್ರೋಟೀನ್ ಕಾಯುತ್ತದೆ. ಜಪಾನಿ ಭಾಷೆಯಲ್ಲಿ ಈ ಹೆಸರಿಗೆ ಕಾವಲು ದೇವತೆ ಎಂದರ್ಥ, ಕೆಲಸಕ್ಕೆ ತಕ್ಕ ಹೆಸರು. ವರ್ಣತಂತುಗಳ ಒಂದು ಪಾಲು ಪೋಲಾರ್ ಬಾಡಿ ಎಂಬ ಪುಟ್ಟ ಕೋಶವಾಗಿ ಹೊರಬೀಳುತ್ತದೆ. ಉಳಿದ ಬಳೆಗಳು ತುಂಡಾಗುವುದು ವೀರ್ಯಾಣು ಒಳಹೊಕ್ಕ ಮೇಲೆ.

ಬಳೆಗಳು ಮೊದಲೇ ಸವೆದಿದ್ದರೆ ಜೋಡಿ ಹೊತ್ತಿಗೆ ಮುಂಚೆಯೇ ಬಿಟ್ಟುಹೋಗುತ್ತದೆ, ಇಲ್ಲವೇ ಒಂದೇ ಕಡೆ ಹೋಗಬೇಕಾದ ಎರಡು ಎಳೆಗಳು ಎರಡು ದಿಕ್ಕಿಗೆ ಸೆಳೆಯಲ್ಪಡುತ್ತವೆ. ದೇಹದ ಬೇರೆ ಕೋಶಗಳಲ್ಲಿ ಒಂದೇ ಒಂದು ವರ್ಣತಂತು ಸ್ಪಿಂಡಲ್‌ಗೆ ಅಂಟದೆ ಉಳಿದರೂ ವಿಭಜನೆ ನಿಂತು ಕಾಯುತ್ತದೆ. ಅಂಡಾಣುವಿನಲ್ಲಿ ಆ ತಪಾಸಣೆ ಸಡಿಲ. ಒಂದೆರಡು ವರ್ಣತಂತು ಸಾಲು ತಪ್ಪಿದ್ದರೂ ಕೆಲಸ ಮುಂದೆ ಸಾಗುತ್ತದೆ. ಹೆಚ್ಚಿನ ತಪ್ಪುಗಳು ಗರ್ಭ ನಿಲ್ಲದೆ, ಇಲ್ಲವೇ ಗರ್ಭಪಾತದಲ್ಲಿ ಮುಗಿಯುತ್ತವೆ. 21ನೆಯ ವರ್ಣತಂತು ಒಂದು ಹೆಚ್ಚಾದಾಗ ಮಗು ಡೌನ್ ಸಿಂಡ್ರೋಮ್‌ನೊಂದಿಗೆ ಹುಟ್ಟಬಹುದು: ತಾಯಿಗೆ 25 ವರ್ಷವಿದ್ದಾಗ ಸುಮಾರು 1,200ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು. ತಾಯಿ ಏನು ತಿಂದಳು, ಎಷ್ಟು ದುಡಿದಳು ಎಂದು ಮನೆಯವರು ಲೆಕ್ಕ ಹಾಕುವುದನ್ನು ದಯವಿಟ್ಟು ಬಿಡಬೇಕು.

ಸವೆದ ಬಳೆಯನ್ನು ಲ್ಯಾಬಿನಲ್ಲಿ ರಿಪೇರಿ ಮಾಡಲಾಗದು, ಹೊಸ ಪೆಟ್ಟು ಬೀಳದಂತೆ ನೋಡಿಕೊಳ್ಳಬಹುದು. ಸ್ಪಿಂಡಲ್ ತಣ್ಣಗಾದರೆ ಕೆಲವೇ ನಿಮಿಷಗಳಲ್ಲಿ ಕರಗತೊಡಗುತ್ತದೆ, ಹಾಗಾಗಿ ಮೈಕ್ರೋಸ್ಕೋಪಿನ ವೇದಿಕೆಯನ್ನೂ ಬಿಸಿಯಾಗಿಡಬೇಕು. ಡಿಶ್‌ನೊಳಗಿನ ಹನಿ 37 ಡಿಗ್ರಿ ಇದೆಯೇ ಎಂದು ಅಳೆಯಬೇಕು, ವೇದಿಕೆಯ ಅಂಕಿ ನಂಬಿ ಕೂರಬಾರದು. ಪೋಲಾರ್ ಬಾಡಿ ಕಂಡಿತೆಂದು ತಕ್ಷಣ ಇಕ್ಸಿಗೆ, ಅಂದರೆ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಬಿಡುವುದಕ್ಕೆ, ಇಳಿಯುವುದೂ ಅಪಾಯ. ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಕೆಲವೊಮ್ಮೆ ಅಂಡಾಣುವಿಗೂ ಪೋಲಾರ್ ಬಾಡಿಗೂ ನಡುವೆ ಹೊಳೆಯುವ ಸೇತುವೆ ಕಾಣುತ್ತದೆ. ಅಂದರೆ ಮೊದಲ ವಿಭಜನೆ ಇನ್ನೂ ಮುಗಿದಿಲ್ಲ, ಕಾಯಬೇಕು. ಸ್ಪಿಂಡಲ್ ಪೋಲಾರ್ ಬಾಡಿಯ ಪಕ್ಕದಲ್ಲೇ ಇರುತ್ತದೆಂದು ಎಣಿಸಿ, ಅದನ್ನು ಗಡಿಯಾರದ 12 ಅಥವಾ 6ರ ಜಾಗಕ್ಕೆ ತಿರುಗಿಸಿ ಸೂಜಿಯನ್ನು 3ರಿಂದ ಚುಚ್ಚುವುದು ವಾಡಿಕೆ. ಆದರೆ ಸುತ್ತಲಿನ ಕೋಶಗಳನ್ನು ಬಿಡಿಸುವಾಗ ಪೋಲಾರ್ ಬಾಡಿ ಜರುಗಿರಬಹುದು, ಆಗ ಸ್ಪಿಂಡಲ್ ಸೂಜಿಯ ದಾರಿಗೇ ಬಂದಿರಬಹುದು.