ನಿನ್ನ ಕಂಪ್ಯೂಟರ್ ನಿನಗೆ, ನನ್ನದು ನನಗೆ. ಆದರೂ ಜಗಳ ಯಾಕೆ?

1997ರ ಆಗಸ್ಟ್ 6. ಅಮೆರಿಕದ ಬಾಸ್ಟನ್‌ನಲ್ಲಿ ಆಪಲ್‌ನ ಮ್ಯಾಕ್ ಕಂಪ್ಯೂಟರ್ ಅಭಿಮಾನಿಗಳ ದೊಡ್ಡ ಸಮಾವೇಶ. ಆಪಲ್ ಕಂಪನಿ ಆಗ ಮುಳುಗುವ ಸ್ಥಿತಿಯಲ್ಲಿತ್ತು. ಆ ಹಣಕಾಸು ವರ್ಷದ ನಷ್ಟವೇ ಕೊನೆಗೆ 100 ಕೋಟಿ ಡಾಲರ್ ದಾಟಿತು. ಕಂಪನಿಗೆ ಆಗಷ್ಟೇ ಮರಳಿದ್ದ ಸ್ಟೀವ್ ಜಾಬ್ಸ್ ವೇದಿಕೆ ಹತ್ತಿ ಒಂದು ಸುದ್ದಿ ಹೇಳಿದರು. ಮೈಕ್ರೋಸಾಫ್ಟ್ ಆಪಲ್‌ನಲ್ಲಿ 15 ಕೋಟಿ ಡಾಲರ್ ಹಾಕುತ್ತಿದೆ, ಮುಂದಿನ ಐದು ವರ್ಷ ಮ್ಯಾಕ್‌ಗೆ ಆಫೀಸ್ ತಂತ್ರಾಂಶವನ್ನೂ ಕೊಡಲಿದೆ ಅಂತ. ಹಿಂದಿನ ದೊಡ್ಡ ಪರದೆಯ ಮೇಲೆ ಎದುರಾಳಿ ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಮುಖ ಮೂಡಿತು. ಸಭೆಯಿಂದ ಬೂ ಬೂ ಎಂಬ ಕೂಗು ಎದ್ದಿತು.

ಮುಳುಗುತ್ತಿರುವವರಿಗೆ ಹಗ್ಗ ಎಸೆದವನನ್ನೇ ಬೈದ ಹಾಗಾಯಿತು. ಆಪಲ್ ಗೆಲ್ಲಬೇಕಾದರೆ ಮೈಕ್ರೋಸಾಫ್ಟ್ ಸೋಲಲೇಬೇಕು ಎಂಬ ಯೋಚನೆಯನ್ನು ಬಿಡಬೇಕು ಅಂತ ಜಾಬ್ಸ್ ಅಂದು ತಿಳಿಹೇಳಬೇಕಾಯಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಆಪಲ್‌ನ ನೌಕರರೇನಲ್ಲ. ದುಡ್ಡು ಕೊಟ್ಟು ಕಂಪ್ಯೂಟರ್ ಕೊಂಡವರು, ಅಷ್ಟೇ. ಫ್ರಿಜ್ ಕಂಪನಿಗಳ ಮಧ್ಯೆ ಒಪ್ಪಂದವಾದರೆ ಯಾರಾದರೂ ಹೀಗೆ ಕೂಗುತ್ತಾರಾ?

ಇದನ್ನೆಲ್ಲ ಸುಮ್ನೆ ಅಭಿಮಾನದ ಹುಚ್ಚು ಅಂತ ತಳ್ಳಿಹಾಕುವವರೇ ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ನಿಮ್ಮ ಪಕ್ಕದ ಮನೆಯವರು ಬೇರೆ ಕಂಪನಿಯ ಫ್ರಿಜ್ ಕೊಂಡರೆ ನಿಮ್ಮ ಮನೆಯ ಹಾಲು ಕೆಡುವುದಿಲ್ಲ. ಆದರೆ ಎಲ್ಲರೂ ಬೇರೆ ಆಪರೇಟಿಂಗ್ ಸಿಸ್ಟಮ್ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಕೊಂಡರೆ ನಿಮ್ಮ ಕಂಪ್ಯೂಟರ್ ನಿಜವಾಗಿಯೂ ಸಾಯುತ್ತದೆ. ಅದಕ್ಕೆ ತಂತ್ರಾಂಶ ಬರೆಯುವವರು ಇರುವುದಿಲ್ಲ, ರಿಪೇರಿ ಬಲ್ಲವರೂ ಇರುವುದಿಲ್ಲ. ಬೇರೆಯವರ ಆಯ್ಕೆ ನಮ್ಮ ಮೇಜಿನ ಮೇಲೆ ಪರಿಣಾಮ ಮಾಡುವ ವಸ್ತು ಇದು. ಜಗಳದ ಬೇರು ಅಲ್ಲಿದೆ.

ಈ ಭಯ ಕಲ್ಪನೆಯದ್ದಲ್ಲ. 1980ರ ದಶಕದಲ್ಲಿ ಮನೆಗಳಿಗೆ ಬಂದ ಕಂಪ್ಯೂಟರ್‌ಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದರ ಪ್ರೋಗ್ರಾಂ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. 1985ರಲ್ಲಿ ಕಮೊಡೋರ್ ಕಂಪನಿಯ ಅಮಿಗಾ ಮತ್ತು ಅಟಾರಿ ಎಸ್‌ಟಿ ಎರಡೂ ಮಾರುಕಟ್ಟೆಗೆ ಬಂದವು. ಎರಡರೊಳಗೂ ಇದ್ದದ್ದು ಮೋಟೊರೋಲಾದ 68000 ಚಿಪ್. ಯುರೋಪಿನ ಹುಡುಗರು ಈ ಎರಡರ ಹೆಸರಲ್ಲಿ ವರ್ಷಗಟ್ಟಲೆ ಕಿತ್ತಾಡಿದರು. ಅಪ್ಪ ಅಮ್ಮನನ್ನು ಕಾಡಿಬೇಡಿ ಕೊಡಿಸಿಕೊಂಡ ಯಂತ್ರ. ಎರಡನೆಯದು ಸಿಗುವ ಮಾತಿಲ್ಲ. ಒಳ್ಳೆಯ ಆಟಗಳು ಆ ಕಡೆಗೇ ಬಂದುಬಿಟ್ಟರೆ ಗತಿಯೇನು? 1994ರ ಏಪ್ರಿಲ್‌ನಲ್ಲಿ ಕಮೊಡೋರ್ ದಿವಾಳಿಯಾಯಿತು. ಅಮಿಗಾ ಎಷ್ಟೇ ಚೆನ್ನಾಗಿದ್ದರೂ ಅದನ್ನು ನಂಬಿದವರು ನಡುನೀರಲ್ಲಿ ಉಳಿದರು.

ಕಂಪನಿಗಳಿಗೆ ಈ ಗುಟ್ಟು ಬೇಗ ತಿಳಿದಿತ್ತು. ಐಬಿಎಂ 1981ರ ಆಗಸ್ಟ್‌ನಲ್ಲಿ ಪಿಸಿ ಬಿಟ್ಟಾಗ ಅದಕ್ಕೆ ಡಾಸ್ ಎಂಬ ಆಪರೇಟಿಂಗ್ ಸಿಸ್ಟಮ್ ಒದಗಿಸಿದ್ದು ಮೈಕ್ರೋಸಾಫ್ಟ್. ಅದೂ ಸಿಯಾಟಲ್‌ನ ಒಂದು ಪುಟ್ಟ ಕಂಪನಿಯಿಂದ ಕೊಂಡು ತಿದ್ದಿದ್ದು. ಅದೇ ಡಾಸನ್ನು ಬೇರೆ ಕಂಪನಿಗಳಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ತನ್ನ ಕೈಯಲ್ಲೇ ಇಟ್ಟುಕೊಂಡಿತು. ಐಬಿಎಂ ಮಾದರಿಯ ಅಗ್ಗದ ಯಂತ್ರಗಳು ಬಂದಷ್ಟೂ ಡಾಸ್ ಬೆಳೆಯಿತು, ತಂತ್ರಾಂಶ ಬರೆಯುವವರೂ ಅದರ ಹಿಂದೆಯೇ ಹೋದರು. 1984ರ ಜನವರಿಯಲ್ಲಿ ಮ್ಯಾಕಿಂಟೋಷ್, ಅಂದರೆ ಮ್ಯಾಕ್, ಬಂದಾಗ ಆಪಲ್‌ಗೆ ಇದ್ದ ದೊಡ್ಡ ಚಿಂತೆ ಇದೇ. ಚಂದದ ಯಂತ್ರವೇನೋ ಇದೆ, ಪ್ರೋಗ್ರಾಂಗಳು ಎಲ್ಲಿ? ಅದಕ್ಕಾಗಿ ಆಪಲ್ 'ಇವ್ಯಾಂಜಲಿಸ್ಟ್' ಎಂಬ ಹುದ್ದೆಯನ್ನೇ ಮಾಡಿತು. ಮೈಕ್ ಬಾಯ್ಚ್, ಆಮೇಲೆ ಗೈ ಕವಾಸಾಕಿ ಆ ಕೆಲಸ ಮಾಡಿದರು. ತಂತ್ರಾಂಶ ಕಂಪನಿಗಳ ಬಾಗಿಲು ತಟ್ಟುವುದು, ಮ್ಯಾಕ್‌ಗಾಗಿ ಬರೆಯಿರಿ ಅಂತ ಮನವೊಲಿಸುವುದು. ಚರ್ಚಿನ ಪ್ರಚಾರಕರಿಗೆ ಇದ್ದ ಹೆಸರನ್ನು ಮಾರಾಟದ ಕೆಲಸಕ್ಕೆ ತಂದು ಅಂಟಿಸಿದವರು ಬಳಕೆದಾರರಲ್ಲ, ಕಂಪನಿಯವರೇ. ಆಮೇಲೆ 'ಇವರದ್ದೇನು ಮತಧರ್ಮವೇ?' ಅಂತ ಬಳಕೆದಾರರನ್ನು ಗೇಲಿ ಮಾಡುವುದು ಎಷ್ಟು ಸರಿ?

ಐಬಿಎಂ ಕಥೆ ಇನ್ನೂ ಮಜವಾಗಿದೆ. ಮೈಕ್ರೋಸಾಫ್ಟ್ ಜೊತೆ ಸೇರಿ ಅದು ಓಎಸ್/2 ಎಂಬ ಹೊಸ ಸಿಸ್ಟಮ್ ಕಟ್ಟಲು ಹೊರಟಿತು. 1990ರಲ್ಲಿ ಮೈಕ್ರೋಸಾಫ್ಟ್‌ನ ಸ್ವಂತ ವಿಂಡೋಸ್ 3.0 ಭರ್ಜರಿಯಾಗಿ ಓಡತೊಡಗಿದ ಮೇಲೆ ಇಬ್ಬರ ಸಂಸಾರ ಮುರಿಯಿತು. 1992ರಲ್ಲಿ ಐಬಿಎಂ ಒಂಟಿಯಾಗಿ ಓಎಸ್/2ರ 2.0 ಆವೃತ್ತಿ ತಂದಿತು. ಅದನ್ನು ಮೆಚ್ಚಿದವರು 'ಟೀಮ್ ಓಎಸ್/2' ಅಂತ ಗುಂಪು ಕಟ್ಟಿಕೊಂಡು ಕಂಪ್ಯೂಟರ್ ಅಂಗಡಿಗಳಲ್ಲಿ ನಿಂತು ಬಿಟ್ಟಿಯಾಗಿ ಪ್ರದರ್ಶನ ಕೊಡುತ್ತಿದ್ದರು. ಕೋಟ್ಯಂತರ ಡಾಲರ್ ವಹಿವಾಟಿನ ಕಂಪನಿಗೆ ಪುಕ್ಕಟೆ ಸೇಲ್ಸ್‌ಮನ್‌ಗಳು! ಆದರೆ ಅವರ ಕಡೆಯಿಂದ ನೋಡಿ. ಇನ್ನಷ್ಟು ಜನ ಬಂದರೆ ಮಾತ್ರ ತಮ್ಮ ಸಿಸ್ಟಮ್ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅವರ ಭಯ ನಿಜವಾಯಿತು.

ಇದನ್ನೆಲ್ಲ ಕಾನೂನಿನ ಭಾಷೆಯಲ್ಲಿ ಬರೆದಿಟ್ಟದ್ದು ಅಮೆರಿಕದ ನ್ಯಾಯಾಲಯ. ಅಲ್ಲಿನ ಸರ್ಕಾರ 1998ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ 1999ರ ನವೆಂಬರ್‌ನಲ್ಲಿ ಕೊಟ್ಟ ನಿರ್ಣಯದಲ್ಲಿ ಒಂದು ಸುತ್ತುಬಳಸು ಗೋಡೆಯನ್ನು ವಿವರಿಸಿದರು. ಜನ ಜಾಸ್ತಿ ಇರುವ ಸಿಸ್ಟಮ್‌ಗೇ ಪ್ರೋಗ್ರಾಂ ಬರೆಯುತ್ತಾರೆ. ಪ್ರೋಗ್ರಾಂ ಜಾಸ್ತಿ ಇರುವ ಸಿಸ್ಟಮ್ಮನ್ನೇ ಜನ ಕೊಳ್ಳುತ್ತಾರೆ. ಹೊಸಬರು ಈ ಗೋಡೆ ಹಾರುವುದು ಕಷ್ಟ. ಆಗ ವಿಂಡೋಸ್‌ಗೆ 70,000ಕ್ಕೂ ಹೆಚ್ಚು ಅಪ್ಲಿಕೇಶನ್‌ಗಳಿದ್ದವು. ಓಎಸ್/2ಗೆ ಅದರ ಉಚ್ಛ್ರಾಯದಲ್ಲೂ ಇದ್ದದ್ದು ಸುಮಾರು 2,500. ಬಾಸ್ಟನ್ನಿನ ಸಭೆ ಕೂಗಿದ್ದು ಯಾಕೆ ಅಂತ ಈ ಎರಡು ಅಂಕಿಗಳನ್ನು ನೋಡಿದರೆ ಸಾಕು, ತಿಳಿಯುತ್ತದೆ. ತಮ್ಮ ಯಂತ್ರಕ್ಕೆ ಆಫೀಸ್ ಬರುವುದೋ ಬಿಡುವುದೋ ಎಂಬುದು ಎದುರಾಳಿಯ ಮರ್ಜಿಗೆ ಬಿದ್ದಿತ್ತು.

ಕನ್ನಡಿಗರಿಗೆ ಈ ಗೋಡೆ ಬೇರೊಂದು ರೂಪದಲ್ಲಿ ಪರಿಚಯ. 1998ರಲ್ಲಿ ಕನ್ನಡ ಟೈಪ್ ಮಾಡುವ 'ಬರಹ' ತಂತ್ರಾಂಶ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು, ಸರ್ಕಾರಿ ಕಚೇರಿಗಳಲ್ಲಿ ಅದೇ ನಡೆಯಿತು. ಎರಡೂ ವಿಂಡೋಸ್‌ಗಾಗಿ ಮಾಡಿದವು. ಆಗಿನ ಕಡತಗಳಲ್ಲಿ ಇದ್ದದ್ದು ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಪದ್ಧತಿ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್‌ಗಳು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಜಿಯೂ ಅಷ್ಟೇ, ಕವನವೂ ಅಷ್ಟೇ, ಇಂಗ್ಲಿಷ್ ಅಕ್ಷರ ಚಿಹ್ನೆಗಳ ಕಲಸುಮೇಲೋಗರ. ಡಿಟಿಪಿ ಅಂಗಡಿಗಳಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್, ಅದರೊಳಗೆ ನುಡಿ ಅಥವಾ ಶ್ರೀಲಿಪಿ. ಇಂಥ ಕಡೆ ಒಬ್ಬ ಉತ್ಸಾಹಿ ಬಂದು 'ಸಾರ್, ವಿಂಡೋಸ್ ಬದಲು ಲಿನಕ್ಸ್ ಎಂಬ ಸಿಸ್ಟಮ್ ಹಾಕಿ, ಪುಕ್ಕಟೆ' ಅಂದರೆ ಅಂಗಡಿಯವರಿಗೆ ರೇಗದೆ ಇರುತ್ತದೆಯೇ? ಹತ್ತು ವರ್ಷದ ಆಹ್ವಾನ ಪತ್ರಿಕೆ, ಸ್ಮರಣ ಸಂಚಿಕೆ ಎಲ್ಲ ಆ ಫಾಂಟಿನೊಳಗೆ ಸಿಕ್ಕಿಕೊಂಡಿವೆ. ಇತ್ತ ಲಿನಕ್ಸ್ ಬಳಸುವ ಕನ್ನಡಿಗನಿಗೂ ಸಿಟ್ಟು. ಸರ್ಕಾರ ತನ್ನ ಭಾಷೆಯಲ್ಲೇ ಕಳಿಸಿದ ಕಡತವನ್ನು ಅವನು ಓದಲಾರ. ಇಬ್ಬರೂ ಬೈದಾಡುತ್ತಿದ್ದದ್ದು ಸಿಸ್ಟಮ್ ಹೆಸರಲ್ಲಿ, ನೋವಿದ್ದದ್ದು ಕಡತದಲ್ಲಿ. ಯೂನಿಕೋಡ್ ಹರಡುತ್ತಾ ಹೋದ ಹಾಗೆ, ಪರಿವರ್ತಕಗಳು ಬಂದ ಹಾಗೆ ಈ ಜಗಳದ ಕಾವು ಇಳಿದದ್ದು ಅದಕ್ಕೇ. ಪಕ್ಕದ ಕೇರಳ 2000ರ ದಶಕದಲ್ಲೇ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠವನ್ನು ಲಿನಕ್ಸ್‌ಗೆ ಬದಲಿಸಿತು. ಅಲ್ಲಿನ ಮಕ್ಕಳಿಗೆ ಕೈಗೆ ಅಂಟಿದ ಮೊದಲ ಸಿಸ್ಟಮ್ಮೇ ಅದು.

ಇನ್ನು ಲಿನಕ್ಸ್. ಇಲ್ಲಿ ದುಡ್ಡಿಗಿಂತ ಬೇರೆ ಲೆಕ್ಕವೂ ಸೇರಿಕೊಂಡಿತು. ಬಿಲ್ ಗೇಟ್ಸ್ 1976ರ ಫೆಬ್ರವರಿಯಲ್ಲಿ ಕಂಪ್ಯೂಟರ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ನಮ್ಮ ಬೇಸಿಕ್ ಪ್ರೋಗ್ರಾಮನ್ನು ನೀವು ಕದಿಯುತ್ತಿದ್ದೀರಿ ಅಂದಿದ್ದರು. ಎಂಐಟಿಯ ರಿಚರ್ಡ್ ಸ್ಟಾಲ್ಮನ್ 1983ರ ಸೆಪ್ಟೆಂಬರ್‌ನಲ್ಲಿ ಯಾರು ಬೇಕಾದರೂ ಹಂಚಿಕೊಳ್ಳಬಹುದಾದ ಸಿಸ್ಟಮ್ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. ಅವರ ಪ್ರಕಾರ ಹಂಚಿಕೊಳ್ಳುವುದು ತಪ್ಪಲ್ಲ, ಹಂಚದಂತೆ ತಡೆಯುವುದೇ ತಪ್ಪು. ಒಬ್ಬರ ಕಳ್ಳತನ ಇನ್ನೊಬ್ಬರ ನೆರೆಹೊರೆಯ ಧರ್ಮ. ಇಷ್ಟು ದೂರ ಇರುವವರು ಯಾವ ಸಿಸ್ಟಮ್ ವೇಗ ಅಂತ ವಾದಿಸುತ್ತಿದ್ದರೂ ಒಳಗೆ ಇರುವುದು ಸರಿ ತಪ್ಪಿನ ಪ್ರಶ್ನೆ. ದನಿ ಏರದೆ ಇರುವುದಿಲ್ಲ.

ಲಿನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಹುಡುಗ. 1991ರ ಆಗಸ್ಟ್‌ನಲ್ಲಿ ಇದು ಬರೀ ಹವ್ಯಾಸ, ದೊಡ್ಡದೇನೂ ಆಗಲ್ಲ ಎಂಬ ಧಾಟಿಯಲ್ಲಿ, ಮುಂದೆ ಲಿನಕ್ಸ್ ಆದ ತಮ್ಮ ಕೆಲಸದ ಸುದ್ದಿಯನ್ನು ಅಂತರ್ಜಾಲದ ಚರ್ಚಾಗುಂಪಿನಲ್ಲಿ ಹೇಳಿದರು. ಅವರು ಕಲಿತದ್ದು ಮಿನಿಕ್ಸ್ ಎಂಬ ಪಾಠದ ಸಿಸ್ಟಮ್ ನೋಡಿ. ಅದನ್ನು ಬರೆದವರು ಆಮ್‌ಸ್ಟರ್‌ಡ್ಯಾಮ್‌ನ ಪ್ರೊಫೆಸರ್ ಆಂಡ್ರ್ಯೂ ಟ್ಯಾನೆನ್‌ಬಾಮ್. 1992ರ ಜನವರಿ 29ರಂದು ಪ್ರೊಫೆಸರ್ ಅದೇ ಚರ್ಚಾಗುಂಪಿನಲ್ಲಿ ಎಲ್ಲರೆದುರು ಬರೆದರು, ಲಿನಕ್ಸ್ ಹಳೇ ಕಾಲದ್ದು ಅಂತ. ಎಲ್ಲವನ್ನೂ ಒಂದೇ ದೊಡ್ಡ ಗಡ್ಡೆಯಾಗಿ ಕಟ್ಟುವುದು ಎಪ್ಪತ್ತರ ದಶಕಕ್ಕೆ ಹಿಂದೆ ಹೋದಂತೆ, ಸಣ್ಣ ಸಣ್ಣ ಬಿಡಿ ಭಾಗಗಳಾಗಿ ಕಟ್ಟಬೇಕು ಎಂಬುದು ಅವರ ವಾದ. 22 ವರ್ಷದ ಟೋರ್ವಾಲ್ಡ್ಸ್ ಕೆಂಡವಾದರು, ಮಿನಿಕ್ಸ್‌ನ ಹುಳುಕುಗಳನ್ನು ಪಟ್ಟಿ ಮಾಡಿದರು. ಮರುದಿನ ದನಿ ತಗ್ಗಿಸಿ ಕ್ಷಮೆಯನ್ನೂ ಕೇಳಿದರು. ಪ್ರೊಫೆಸರ್ ಕೂಡ ಸುಮ್ಮನಿರಲಿಲ್ಲ. ನೀನು ನನ್ನ ವಿದ್ಯಾರ್ಥಿಯಲ್ಲ ಅಂತ ಸಮಾಧಾನಪಟ್ಟುಕೋ, ಈ ವಿನ್ಯಾಸಕ್ಕೆ ಒಳ್ಳೆಯ ಮಾರ್ಕ್ಸ್ ಸಿಗುತ್ತಿರಲಿಲ್ಲ ಅಂದರು.

ನನಗೆ ಈ ಜಗಳ ಇಷ್ಟ. ಯಾಕೆಂದರೆ ಇಬ್ಬರಿಗೂ ವಿಷಯ ಗೊತ್ತಿತ್ತು. ಆದರೂ ಕಾವು ಎದ್ದಿತು. ಗೊತ್ತಿಲ್ಲದವರು ಮಾತ್ರ ಕೂಗಾಡುತ್ತಾರೆ ಅನ್ನುವುದು ಸುಳ್ಳು. ಕೈಯಾರೆ ಕಟ್ಟಿದವನಿಗೆ ಟೀಕೆ ಮೈಗೇ ತಾಗುತ್ತದೆ. ಸಣ್ಣ ಮಟ್ಟದಲ್ಲಿ ಬಳಕೆದಾರನದ್ದೂ ಅದೇ ಕಥೆ. ವೈಫೈ ಡ್ರೈವರ್ ಹಾಕೋಕೆ ಇಡೀ ಭಾನುವಾರ ಕಳೆದವನ ಮುಂದೆ 'ಲಿನಕ್ಸ್ ಯಾಕಪ್ಪಾ ಬೇಕು?' ಅಂದು ನೋಡಿ.

ಮನಶ್ಶಾಸ್ತ್ರದವರ ಬಳಿ ಸಿದ್ಧ ಉತ್ತರವಿದೆ. ಹೆನ್ರಿ ಟಾಜ್‌ಫೆಲ್ ಎಂಬವರು ಬ್ರಿಸ್ಟಲ್‌ನ ಶಾಲಾ ಹುಡುಗರನ್ನು ಬೇಕಾಬಿಟ್ಟಿ ಎರಡು ಗುಂಪು ಮಾಡಿ, ನಿಮಗೆ ಕ್ಲೀ ಚಿತ್ರ ಇಷ್ಟ, ನಿಮಗೆ ಕಾಂಡಿನ್‌ಸ್ಕಿ ಚಿತ್ರ ಇಷ್ಟ ಅಂತ ಹೇಳಿದರು. ಅಷ್ಟಕ್ಕೇ ಹುಡುಗರು ದುಡ್ಡು ಹಂಚುವಾಗ ತಮ್ಮ ಗುಂಪಿನ ಕಡೆ ವಾಲಿದರು. 1970ರ ಹೊತ್ತಿನ ಈ ಪ್ರಯೋಗವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಒಪ್ಪೋಣ. ಆದರೆ ಅದು ಕಾರು, ಕ್ರಿಕೆಟ್, ಕಾಫಿಪುಡಿ ಎಲ್ಲಕ್ಕೂ ಒಪ್ಪುವ ಮಾತು. ಕಂಪ್ಯೂಟರ್ ಜಗಳ ಯಾಕೆ ಇಷ್ಟು ದೀರ್ಘ, ಇಷ್ಟು ಕಹಿ ಅನ್ನುವುದಕ್ಕೆ ಅದೊಂದೇ ಸಾಲದು.

ಕಂಪನಿಗಳು ಬೆಂಕಿಗೆ ತುಪ್ಪ ಸುರಿದದ್ದೂ ಇದೆ. ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಮರ್ 2001ರಲ್ಲಿ ಲಿನಕ್ಸನ್ನು ಕ್ಯಾನ್ಸರ್ ಅಂದರು. 2003ರಲ್ಲಿ ಜರ್ಮನಿಯ ಮ್ಯೂನಿಕ್ ನಗರಾಡಳಿತ ಲಿನಕ್ಸ್ ಕಡೆ ಹೊರಟಾಗ ಸ್ಕೀಯಿಂಗ್ ರಜೆಯನ್ನು ಅರ್ಧಕ್ಕೆ ಬಿಟ್ಟು ಮೇಯರ್ ಬಳಿ ಓಡಿದರು. ಆಪಲ್ 2006ರಿಂದ 2009ರವರೆಗೆ ಜಾಹೀರಾತುಗಳಲ್ಲಿ ಮ್ಯಾಕ್ ಅಂದರೆ ಹಾಯಾದ ಹುಡುಗ, ಪಿಸಿ ಅಂದರೆ ಸೂಟು ಹಾಕಿದ ಪೆದ್ದ ಅಂತ ತೋರಿಸಿತು. ಯಂತ್ರದ ಹೋಲಿಕೆ ಮನುಷ್ಯರ ಹೋಲಿಕೆಯಾಯಿತು. ಪಿಸಿ ಇಟ್ಟುಕೊಂಡ ಗುಮಾಸ್ತನಿಗೆ ಅದು ತನಗೇ ಅಂದ ಹಾಗೆ ಕೇಳಿಸಿದರೆ ತಪ್ಪೇನು?

ಆಮೇಲೆ ದೊಡ್ಡವರು ರಾಜಿಯಾದರು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾಡೆಲ್ಲ 2014ರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥರಾದರು. ಮೈಕ್ರೋಸಾಫ್ಟ್‌ಗೆ ಲಿನಕ್ಸ್ ಅಂದರೆ ಪ್ರೀತಿ ಅಂತ ಅದೇ ವರ್ಷ ಸಾರಿದರು. 2016ರಲ್ಲಿ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಏರ್ಪಾಡು ಬಂತು. ಕಾರಣ ವ್ಯಾಪಾರ. ಬಾಡಿಗೆ ಸರ್ವರ್‌ಗಳ ಲೋಕದಲ್ಲಿ ಲಿನಕ್ಸ್ ಬಿಟ್ಟು ಬದುಕಿಲ್ಲ. ಆದರೆ ಕೆಳಗಿನವರ ಜಗಳ ನಿಲ್ಲಲಿಲ್ಲ. ಅದೇ 2014ರಲ್ಲಿ, ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಕಟ್ಟುವ ಬಳಗದೊಳಗೇ ಮಹಾಯುದ್ಧ. ಕಂಪ್ಯೂಟರ್ ಚಾಲೂ ಆಗುವಾಗ ಸೇವೆಗಳನ್ನು ಎಬ್ಬಿಸುವ ಕೆಲಸ ಸಿಸ್ಟಮ್‌ಡಿ ಎಂಬ ಹೊಸ ತಂತ್ರಾಂಶಕ್ಕೋ, ಬೇರೆಯದಕ್ಕೋ? ತಾಂತ್ರಿಕ ಸಮಿತಿ ಸರಿಸಮ ಒಡೆದು, ಅಧ್ಯಕ್ಷರ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ವರ್ಷದ ಕೊನೆಗೆ ಕೆಲವರು ಸಮಿತಿಯನ್ನೇ ಬಿಟ್ಟರು, ಮುನಿದವರು ಡೆವುವಾನ್ ಎಂಬ ಬೇರೆ ಮನೆ ಕಟ್ಟಿದರು. ಒಂದು ಪೈಸೆ ಲಾಭ ಇಲ್ಲದ ಜಾಗ. ಆದರೂ ಲೆಕ್ಕ ಹಳೆಯದೇ. ಡೆಬಿಯನ್ ಒಂದು ಕಡೆ ಹೋದರೆ ಅದರ ಮೇಲೆ ನಿಂತ ಉಬುಂಟು ಮುಂತಾದವೂ ಆ ಕಡೆಗೇ. ಬೇಡ ಅಂದವನ ಪಾಲಿಗೆ ಆಯ್ಕೆ ಕಿರಿದಾಗುತ್ತದೆ.

ಈಗ ಜಗಳ ಫೋನಿಗೆ ಇಳಿದಿದೆ. ಅಮೆರಿಕದಲ್ಲಿ ಐಫೋನ್‌ನಿಂದ ಆಂಡ್ರಾಯ್ಡ್‌ಗೆ ಹೋದ ಸಂದೇಶ ಹಸಿರು ಗುಳ್ಳೆಯಲ್ಲಿ ಕಾಣುತ್ತದೆ, ವಿಡಿಯೋ ಮಸುಕಾಗುತ್ತಿತ್ತು. ಅಮ್ಮನಿಗೆ ವಿಡಿಯೋ ಕಳಿಸಲಾಗುತ್ತಿಲ್ಲ ಅಂತ 2022ರಲ್ಲಿ ಒಬ್ಬರು, ಆಗ ಆಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಮುಂದೆ ದೂರಿದರು. ನಿಮ್ಮ ಅಮ್ಮನಿಗೆ ಐಫೋನ್ ಕೊಡಿಸಿ ಎಂಬುದು ಕುಕ್ ಕೊಟ್ಟ ಉತ್ತರ. 2024ರಲ್ಲಿ ಆಪಲ್ ಆರ್‌ಸಿಎಸ್ ಎಂಬ ಸಾಮಾನ್ಯ ಪದ್ಧತಿ ಒಪ್ಪಿಕೊಂಡ ಮೇಲೆ ಆ ತೊಂದರೆ ಬಹುಮಟ್ಟಿಗೆ ನೀಗಿತು. ನಮ್ಮಲ್ಲಿ ಗುಳ್ಳೆಯ ಬಣ್ಣಕ್ಕೆ ಯಾರೂ ಕಿತ್ತಾಡುವುದಿಲ್ಲ, ಅಲ್ವಾ? ಎರಡೂ ಫೋನಿನವರು ಇರುವುದು ಒಂದೇ ವಾಟ್ಸ್‌ಆ್ಯಪ್‌ನಲ್ಲಿ. ನಿಮ್ಮ ಫೋನ್ ಯಾವುದಾದರೂ ನನ್ನ ಫೋಟೋ ನಿಮಗೆ ತಲುಪುತ್ತದೆ. ನಮ್ಮ ಐಫೋನ್ ಆಂಡ್ರಾಯ್ಡ್ ವಾದ ಹೆಚ್ಚಾಗಿ ಬೆಲೆಯದ್ದು, ಕ್ಯಾಮೆರಾದ್ದು, ಶೋಕಿಯದ್ದು. ಅದು ಮದುವೆ ಮನೆಯಲ್ಲಿ ಶುರುವಾಗಿ ಊಟದ ಎಲೆ ಹಾಕುವಷ್ಟರಲ್ಲಿ ಮುಗಿಯುತ್ತದೆ.