ಯಾರನ್ನು ಮೊದಲು ನೋಡಬೇಕು?

ನರ್ಸಿಂಗ್ ಪರೀಕ್ಷೆಗೆ ಓದುವವರಿಗೆ ಇಂಥ ಪ್ರಶ್ನೆ ಚೆನ್ನಾಗಿ ಗೊತ್ತು. ನಿಮ್ಮ ವಾರ್ಡಿನಲ್ಲಿ ನಾಲ್ವರಿದ್ದಾರೆ. ಮಂಡಿ ಆಪರೇಷನ್ ಆಗಿ ಎರಡು ದಿನವಾದ ಅಜ್ಜಿ ನೋವು ತಡೆಯಲಾರದೆ ಪದೇ ಪದೇ ಬೆಲ್ ಒತ್ತುತ್ತಿದ್ದಾರೆ. ಸಕ್ಕರೆ ಕಾಯಿಲೆಯ ಒಬ್ಬರ ಶುಗರ್ 240 ಬಂದಿದೆ. ನ್ಯುಮೋನಿಯಾಗೆ ಆ್ಯಂಟಿಬಯೋಟಿಕ್ ನಡೆಯುತ್ತಿರುವ ಇನ್ನೊಬ್ಬರಿಗೆ 101 ಡಿಗ್ರಿ ಜ್ವರ. ನಾಲ್ಕನೆಯ ಹುಡುಗನಿಗೆ ಆಸ್ತಮಾ. ಬೆಳಿಗ್ಗೆ ಬಾಗಿಲ ಹತ್ತಿರಕ್ಕೇ ಕೇಳುವಷ್ಟು ಜೋರಾಗಿ ಎದೆ ಸುಂಯ್ ಸುಂಯ್ ಅನ್ನುತ್ತಿತ್ತು. ಈಗ ಸದ್ದಿಲ್ಲ, ತೂಕಡಿಸುತ್ತಿದ್ದಾನೆ. ಮೊದಲು ಯಾರ ಹತ್ತಿರ ಹೋಗುತ್ತೀರಿ?

ಅಜ್ಜಿಯ ಹತ್ತಿರ ಅಂತ ಅನ್ನಿಸುವುದು ಸಹಜ. ಅವರ ನೋವು ಸುಳ್ಳಲ್ಲ. ಆದರೂ ಓಡಬೇಕಾದದ್ದು ಹುಡುಗನ ಹತ್ತಿರ.

ಏಮ್ಸ್ ನರ್ಸ್‌ಗಳ ನೇಮಕಾತಿಗೆ ನಡೆಸುವ ನಾರ್‌ಸೆಟ್ ಆಗಲಿ, ಅಮೆರಿಕದಲ್ಲಿ ನರ್ಸ್ ಆಗಲು ಬರೆಯುವ ಎನ್‌ಕ್ಲೆಕ್ಸ್ ಆಗಲಿ, ಈ ಮಾದರಿಯ ಪ್ರಶ್ನೆ ತಪ್ಪಿದ್ದಲ್ಲ. ಎನ್‌ಕ್ಲೆಕ್ಸ್ ಅಂತೂ 2023ರ ಏಪ್ರಿಲ್‌ನಿಂದ ರೂಪವನ್ನೇ ಬದಲಿಸಿಕೊಂಡು, ರೋಗಿಯ ಸ್ಥಿತಿ ಗಂಟೆಗಂಟೆಗೆ ಬದಲಾಗುವುದನ್ನು ತೋರಿಸಿ ‘ಈಗೇನು ಮಾಡುತ್ತೀರಿ’ ಅಂತ ಕೇಳುತ್ತದೆ. ನಮ್ಮ ವಿದ್ಯಾರ್ಥಿಗಳು ಇದಕ್ಕೆ ‘ಏರ್‌ವೇ, ಬ್ರೀದಿಂಗ್, ಸರ್ಕ್ಯುಲೇಷನ್’ (ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ ನೋಡು) ಎಂಬ ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ. ಸೂತ್ರ ಸರಿಯೇ. ಆದರೆ ಸದ್ದು ನಿಂತ ಎದೆ ಯಾಕೆ ಅಷ್ಟು ಅಪಾಯ ಅನ್ನುವುದು ಅರ್ಥವಾಗದಿದ್ದರೆ, ಸೂತ್ರ ಗೊತ್ತಿದ್ದವರೂ ‘ಹುಡುಗ ಸುಧಾರಿಸಿಕೊಂಡಿದ್ದಾನೆ’ ಅಂತ ಟಿಕ್ ಹಾಕಿಬಿಡುತ್ತಾರೆ.

ಆಸ್ತಮಾ ಕೆರಳಿದಾಗ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಒಳಗೋಡೆ ಊದಿಕೊಳ್ಳುತ್ತದೆ. ಮೇಲೆ ಗಟ್ಟಿ ಕಫ ಬೇರೆ. ಆ ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಹುಟ್ಟುವುದೇ ಸುಂಯ್ ಸದ್ದು. ಅಂದರೆ ಸದ್ದಿಗೆ ಎರಡು ಬೇಕು: ದಾರಿ ಕಿರಿದಾಗಿರಬೇಕು, ಗಾಳಿ ಓಡಾಡುತ್ತಿರಬೇಕು. ಕುಕ್ಕರ್ ನೆನಪಿಸಿಕೊಳ್ಳಿ. ವಿಷಲ್ ಕೂಗುವುದು ನಿಂತರೆ ಒಲೆ ಆರಿಸಿದ್ದಾರೆ ಅಂತಲೂ ಇರಬಹುದು, ಅನ್ನದ ಅಗುಳು ಸಿಕ್ಕಿಕೊಂಡು ಹಬೆಯ ದಾರಿಯೇ ಮುಚ್ಚಿದೆ ಅಂತಲೂ ಇರಬಹುದು. ಅಡುಗೆಮನೆಯ ಆಚೆ ನಿಂತವರಿಗೆ ಎರಡೂ ಒಂದೇ ಮೌನ. ಹತ್ತಿರ ಹೋಗಿ ನೋಡಿದವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ನಿಜವಾಗಿ ಗುಣವಾದ ರೋಗಿ ಚುರುಕಾಗಿರುತ್ತಾನೆ, ಮಾತಾಡುತ್ತಾನೆ, ಸ್ಟೆತಾಸ್ಕೋಪ್ ಇಟ್ಟರೆ ಉಸಿರು ಒಳಗೆ ಹೋಗುವುದು ಕೇಳಿಸುತ್ತದೆ. ಈ ಹುಡುಗನ ಎದೆಯಲ್ಲಿ ಏನೂ ಕೇಳಿಸುವುದಿಲ್ಲ.

ಇದಕ್ಕಿಂತ ಸೋಜಿಗದ ಸಂಗತಿ ರಕ್ತದ ರಿಪೋರ್ಟಿನಲ್ಲಿದೆ. ರಕ್ತದ ಇಂಗಾಲದ ಡೈಆಕ್ಸೈಡ್ (ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ) ಆರೋಗ್ಯವಂತರಲ್ಲಿ 35ರಿಂದ 45ರ ನಡುವೆ ಇರುತ್ತದೆ. ಆಸ್ತಮಾ ಕೆರಳಿದವನು ಒಂದೇ ಸಮನೆ ಉಸಿರೆಳೆಯುವುದರಿಂದ ಈ ಅನಿಲ ಜಾಸ್ತಿ ಹೊರಹೋಗಿ, ಮೊದಮೊದಲು ಅಂಕಿ 35ಕ್ಕಿಂತ ಕೆಳಗಿರುತ್ತದೆ. ಕೆಲವು ಗಂಟೆ ಕಳೆದು ಅದು 40ಕ್ಕೆ ಬಂತು ಅನ್ನಿ. ಚೀಟಿಯಲ್ಲಿ ಅದು ನಾರ್ಮಲ್. ಕೆಂಪು ಗುರುತೂ ಇರುವುದಿಲ್ಲ. ಆದರೆ ಇನ್ನೂ ಏದುಸಿರು ಬಿಡುತ್ತಿರುವವನಲ್ಲಿ 40 ಅಂದರೆ ಉಸಿರಾಟದ ಸ್ನಾಯುಗಳು ಸೋಲುತ್ತಿವೆ, ಅನಿಲ ಹೊರಗೆ ಹೋಗುವುದು ಕಡಿಮೆಯಾಗುತ್ತಿದೆ ಅಂತ ಅರ್ಥ. ಮುಂದಿನ ಚೀಟಿಯಲ್ಲಿ 50 ಇರಬಹುದು. ಹೀಗೆ ಏರುತ್ತಾ ಹೋದರೆ ಮೆದುಳಿಗೆ ಮಂಪರು ಕವಿಯುತ್ತದೆ. ಹುಡುಗನಿಗೆ ತೂಕಡಿಕೆ ಬಂದದ್ದು ಹೀಗೆ. ಅದಕ್ಕೇ ಬ್ರಿಟನ್ನಿನ ಆಸ್ತಮಾ ಮಾರ್ಗಸೂಚಿ ‘ನಾರ್ಮಲ್’ ಡೈಆಕ್ಸೈಡ್ ಅನ್ನು ಜೀವಕ್ಕೆ ಅಪಾಯವಿರುವ ಲಕ್ಷಣಗಳ ಸಾಲಿಗೇ ಸೇರಿಸಿದೆ. ಒಂದು ಅಂಕಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಆ ಹೊತ್ತಿಗೆ ರೋಗಿ ಹೇಗಿದ್ದಾನೆ ಅನ್ನುವುದರ ಮೇಲೆ ನಿಂತಿದೆ. ವೈದ್ಯವಿಜ್ಞಾನದಲ್ಲಿ ನನಗೆ ಇಷ್ಟು ಇಷ್ಟವಾದ ವಿಷಯ ಇನ್ನೊಂದಿಲ್ಲ.

ಆಮ್ಲಜನಕ ಕಡಿಮೆಯಾದಾಗ ಉಸಿರಿನ ವೇಗ ಹೆಚ್ಚುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ದಿನನಿತ್ಯದ ಉಸಿರಾಟದ ಲಗಾಮು ಇರುವುದು ಇಂಗಾಲದ ಡೈಆಕ್ಸೈಡಿನ ಕೈಯಲ್ಲೇ. ಇದನ್ನು 1905ರಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ವಿಜ್ಞಾನಿಗಳಾದ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ. ಈ ಹಾಲ್ಡೇನ್ ಕೆಟ್ಟ ಗಾಳಿಯನ್ನು ತಾನೇ ಉಸಿರಾಡಿ ಪರೀಕ್ಷಿಸುತ್ತಿದ್ದ ಮನುಷ್ಯ, ಗಣಿಗಳ ಒಳಗೆ ಇಳಿದು ಗಾಳಿಯ ಮಾದರಿ ತರುತ್ತಿದ್ದವರು. ಅವರ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯವರೇ ಆಗಿಬಿಟ್ಟರು. ಭುವನೇಶ್ವರದಲ್ಲಿ 1964ರಲ್ಲಿ ತೀರಿಕೊಂಡರು.

ಸುಮ್ಮನಾದವನನ್ನು ಮರೆಯಬಾರದು ಅನ್ನುವುದು ಆಸ್ತಮಾಗೆ ಮಾತ್ರ ಸೇರಿದ್ದಲ್ಲ. ಅಪೆಂಡಿಸೈಟಿಸ್ ರೋಗಿ ‘ಹೊಟ್ಟೆನೋವು ಇದ್ದಕ್ಕಿದ್ದಂತೆ ಹೋಯಿತು ಸಿಸ್ಟರ್’ ಅಂದರೆ ಅಪೆಂಡಿಕ್ಸ್ ಒಡೆದಿರಬಹುದು. ತಲೆಗೆ ಪೆಟ್ಟು ಬಿದ್ದವರು ಎದ್ದು ಮಾತಾಡಿ, ಆಮೇಲೆ ಮಲಗಿದವರು ಏಳದೇ ಹೋಗಬಹುದು.

ಕಷ್ಟವೆಂದರೆ, ರೋಗಿಯ ಜೊತೆಗೆ ಬಂದವರು ಸಾಮಾನ್ಯವಾಗಿ ಹೇಳುವುದು ‘ಈಗ ತಾನೇ ನಿದ್ದೆ ಹತ್ತಿದೆ, ಎಬ್ಬಿಸಬೇಡಿ’ ಅಂತ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಎಬ್ಬಿಸಲೇಬೇಕು, ಹೆಸರು ಕೇಳಲೇಬೇಕು. ಇನ್ನು ಇನ್‌ಹೇಲರ್ ಅಂದರೆ ‘ಅದು ಅಭ್ಯಾಸವಾಗಿಬಿಡುತ್ತೆ’ ಅಂತ ಹೆದರಿ, ಮೃಗಶಿರಾ ಮಳೆಯ ಹೊತ್ತಿಗೆ ಜೀವಂತ ಮೀನಿನ ಔಷಧಿ ನುಂಗಲು ಹೈದರಾಬಾದಿಗೆ ಹೋಗುವವರು ನಮ್ಮಲ್ಲೂ ಇದ್ದಾರೆ. ಮೀನು ಆಸ್ತಮಾ ಗುಣಪಡಿಸುತ್ತದೆ ಅನ್ನುವುದಕ್ಕೆ ಪುರಾವೆಯಿಲ್ಲ. ಅದನ್ನು ನಂಬಿ ಇನ್‌ಹೇಲರ್ ಬಿಟ್ಟವರ ಬಗ್ಗೆ ನನಗೆ ನಿಜಕ್ಕೂ ಭಯವಾಗುತ್ತದೆ.

ಹಾಗಾದರೆ ವಾರ್ಡಿನಲ್ಲಿ ಇದನ್ನು ಬೇಗ ಹಿಡಿಯುವುದು ಹೇಗೆ? ಉಸಿರು ಎಣಿಸಿ. ಬಿಪಿ, ಆಮ್ಲಜನಕಕ್ಕೆ ಯಂತ್ರವಿದೆ. ಉಸಿರಿಗೆ ಹೆಚ್ಚಿನ ವಾರ್ಡುಗಳಲ್ಲಿ ಕಣ್ಣು, ಗಡಿಯಾರ ಬಿಟ್ಟರೆ ಬೇರೇನಿಲ್ಲ. ಹಾಗಾಗಿ ಎಷ್ಟೋ ಚಾರ್ಟ್‌ಗಳಲ್ಲಿ ಸುಮ್ನೆ 18, 20 ಅಂತ ಬರೆದಿರುತ್ತದೆ. ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಡೈಆಕ್ಸೈಡಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಾಸ್ಕಿನಲ್ಲಿ ಆಮ್ಲಜನಕ ಕೊಡುತ್ತಿದ್ದರೆ ಅದು 97 ತೋರಿಸುತ್ತಿರುವಾಗಲೇ ಒಳಗೆ ಡೈಆಕ್ಸೈಡ್ ಏರುತ್ತಿರಬಹುದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದ , ದೊಡ್ಡವರ ಸ್ಥಿತಿ ಹದಗೆಡುವುದನ್ನು ಬೇಗ ಹಿಡಿಯುವ ‘ನ್ಯೂಸ್’ ಎಂಬ ಅಂಕಪದ್ಧತಿಯಲ್ಲಿ ನಿಮಿಷಕ್ಕೆ 12ರಿಂದ 20 ಉಸಿರಿಗೆ ಸೊನ್ನೆ ಅಂಕ, 21ರಿಂದ 24ಕ್ಕೆ ಎರಡು, 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂರು. ಎಂಟು ಅಥವಾ ಅದಕ್ಕಿಂತ ಕಡಿಮೆ ಇದ್ದರೂ ಮೂರೇ. ಒಂದೇ ಅಳತೆಯಲ್ಲಿ ಮೂರು ಬಂದರೂ ಡಾಕ್ಟರನ್ನು ಕರೆಯಬೇಕು.

ಎಣಿಸುತ್ತಿದ್ದೇವೆ ಅಂತ ರೋಗಿಗೆ ಗೊತ್ತಾದರೆ ಉಸಿರು ಬದಲಾಗುತ್ತದೆ. ನುರಿತ ಸಿಸ್ಟರ್‌ಗಳು ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡೇ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. ಆಮೇಲೆ ‘ಬೆಳಿಗ್ಗೆ ಏನು ತಿಂದ್ರಿ?’ ಅಂತ ಕೇಳುತ್ತಾರೆ. ಒಂದೇ ಉಸಿರಿನಲ್ಲಿ ಒಂದು ವಾಕ್ಯ ಮುಗಿಸಲು ಆಗದಿದ್ದರೆ ಅದು ತೀವ್ರ ಆಸ್ತಮಾದ ಗುರುತು. ಈ ಪರೀಕ್ಷೆ ಮನೆಯಲ್ಲೂ ಮಾಡಬಹುದು. ವಾಕ್ಯ ತುಂಡಾಗುತ್ತಿದ್ದರೆ ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಡಾಕ್ಟರ್ ಕೊಟ್ಟಿರುವ ರಿಲೀವರ್ (ತಕ್ಷಣ ಉಸಿರಿನ ದಾರಿ ಸಡಿಲಿಸುವ) ಇನ್‌ಹೇಲರ್ ಅನ್ನು ಸ್ಪೇಸರ್ (ಅದಕ್ಕೆ ಜೋಡಿಸುವ ಕೊಳವೆ) ಹಾಕಿ ಕೊಡುತ್ತಾ, 108ಕ್ಕೆ ಫೋನ್ ಮಾಡಿ.