ಲೇಸರ್ ಬೆಂಡಿಂಗ್: ಒತ್ತದೆ, ಮುಟ್ಟದೆ ಬಾಗಿಸುವ ಕೆಲಸ

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಒಂದು ಸ್ಟೀಲ್ ಗಾರ್ಡ್ ಮಾಡಿಸೋಣ ಅಂತ ಕೊಟೇಶನ್ ತರಿಸಿದರೆ ಅದರಲ್ಲೂ ‘ಲೇಸರ್ ಬೆಂಡಿಂಗ್ ಚಾರ್ಜ್’ ಅಂತ ಒಂದು ಸಾಲು. ಕುಶಾಲನಗರದಲ್ಲೂ ಇದೇ, ಗೋಣಿಕೊಪ್ಪದಲ್ಲೂ ಇದೇ. ಅಲ್ಲಿ ನಡೆಯುವುದು ಲೇಸರ್ ಕಟಿಂಗ್. ಆಮೇಲೆ ಹಾಳೆಯನ್ನು ಪ್ರೆಸ್ ಬ್ರೇಕ್ ಅನ್ನುವ ಮಡಚುವ ಯಂತ್ರಕ್ಕೆ ಕೊಟ್ಟು, ಪಂಚ್ (ಮೇಲಿನ ಅಚ್ಚು) ಮತ್ತು ಡೈ (ಕೆಳಗಿನ ಅಚ್ಚು) ನಡುವೆ ಒತ್ತಿ ಮಡಚುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಆ ಮಡಿಕೆಗೂ ಲೇಸರಿಗೂ ಸಂಬಂಧವಿಲ್ಲ.

ನಿಜವಾದ ಲೇಸರ್ ಬೆಂಡಿಂಗ್‌ನಲ್ಲಿ ಡೈ ಇಲ್ಲ, ಒತ್ತಡ ಇಲ್ಲ. ಹಾಳೆಯ ಒಂದು ಅಂಚನ್ನು ಹಿಡಿದಿಟ್ಟು, ಲೋಹ ಕರಗದಂತೆ ಲೇಸರನ್ನು ಒಂದು ಗೆರೆಯಲ್ಲಿ ಓಡಿಸುತ್ತಾರೆ. ಹಾಳೆ ತಾನಾಗಿಯೇ ಲೇಸರ್ ಇರುವ ಕಡೆಗೆ ಬಾಗುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ. ಬಿಸಿಯಾದ ಲೋಹ ಹಿಗ್ಗುತ್ತದೆ, ಹಾಗಾದರೆ ಹಾಳೆ ಆಚೆ ಕಡೆಗೆ ಬಾಗಬೇಕಲ್ವಾ? ಶುರುವಿನಲ್ಲಿ ಆಗುವುದೂ ಹಾಗೇ. ಹಾಳೆ ಒಂದು ಚೂರು ಆಚೆಗೆ ವಾಲುತ್ತದೆ. ಆದರೆ ಕೆಳಪದರ ಇನ್ನೂ ತಣ್ಣಗೆ, ಗಟ್ಟಿಯಾಗಿದೆ. ಅದು ಮೇಲ್ಪದರವನ್ನು ಹಿಗ್ಗಲು ಬಿಡುವುದಿಲ್ಲ. ಕಾವಿಗೆ ಮೆತ್ತಗಾದ ಮೇಲ್ಪದರ ಇದ್ದ ಜಾಗದಲ್ಲೇ ಒತ್ತಿಕೊಂಡು ದಪ್ಪವಾಗುತ್ತದೆ. ಲೇಸರ್ ಮುಂದೆ ಹೋದ ಮೇಲೆ ಆ ಭಾಗ ಆರಿ ಕುಗ್ಗುತ್ತದೆ, ಮೊದಲಿಗಿಂತ ಗಿಡ್ಡವಾಗುತ್ತದೆ. ಆಗ ಎರಡೂ ಬದಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅಂದರೆ ಹಾಳೆಯನ್ನು ಬಾಗಿಸುವುದು ಆರುವಿಕೆ. ಒಂದು ಓಟಕ್ಕೆ ಸಿಗುವುದು ಸಾಮಾನ್ಯವಾಗಿ ಒಂದೆರಡು ಡಿಗ್ರಿ ಅಷ್ಟೇ. 90 ಡಿಗ್ರಿ ಬೇಕಾದರೆ ಅದೇ ಗೆರೆಯಲ್ಲಿ ಮತ್ತೆ ಮತ್ತೆ ಓಡಿಸಬೇಕು. ಪ್ರೆಸ್ ಬ್ರೇಕಿನಲ್ಲಿ ಒತ್ತಡ ಬಿಟ್ಟಾಗ ಹಾಳೆ ಸ್ವಲ್ಪ ಹಿಂದಕ್ಕೆ ಬರುತ್ತದಲ್ಲ, ಆ ಕಾಟ ಇಲ್ಲಿಲ್ಲ. ಹಡಗುಕಟ್ಟೆಗಳಲ್ಲಿ ಗ್ಯಾಸ್ ಜ್ವಾಲೆಯಿಂದ ದಪ್ಪ ಉಕ್ಕಿನ ತಗಡು ಬಾಗಿಸುವುದೂ ಇದೇ ತತ್ವದಲ್ಲಿ.

ಮೇಲ್ಪದರ ಬಿಸಿ, ಕೆಳಪದರ ತಣ್ಣಗೆ. ಈ ವ್ಯತ್ಯಾಸವನ್ನು ಉಳಿಸಿಕೊಳ್ಳುವ ಲೋಹ ಚೆನ್ನಾಗಿ ಬಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಇದಕ್ಕೆ ಹೇಳಿ ಮಾಡಿಸಿದ್ದು. ಅದರ 304 ಗ್ರೇಡು ಮೈಲ್ಡ್ ಸ್ಟೀಲಿನ (ಸಾಮಾನ್ಯ ಉಕ್ಕಿನ) ಮೂರನೇ ಒಂದು ಭಾಗದಷ್ಟೇ ಶಾಖ ಹರಿಸುತ್ತದೆ, ಹಿಗ್ಗುವುದು ಮಾತ್ರ ಅದಕ್ಕಿಂತ ಜಾಸ್ತಿ. ಅಲ್ಯೂಮಿನಿಯಂ ಮೈಲ್ಡ್ ಸ್ಟೀಲಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸುಲಭವಾಗಿ ಬಾಗಬೇಕಿತ್ತು ಅಂತ ಅನಿಸುತ್ತದೆ. ಆದರೆ ಶಾಖ ಕ್ಷಣದಲ್ಲಿ ಕೆಳಗಿಳಿದು ಎರಡೂ ಪದರ ಒಂದೇ ಬಿಸಿಗೆ ಬರುತ್ತವೆ. ಹಾಗಾಗಿ ಪವರ್ ಏರಿಸಿ ವೇಗವಾಗಿ ಓಡಿಸಬೇಕು. ಬೆಳಕನ್ನೂ ಹಿಂದಕ್ಕೆ ಎಸೆಯುವುದರಿಂದ ಹಲವರು ಮೊದಲು ಬೆಳಕು ಹೀರುವ ಕಪ್ಪು ಗ್ರಾಫೈಟ್ ಬಳಿಯುತ್ತಾರೆ. ಹಳೆಯ ಪಲ್ಪರ್ ಡ್ರಮ್ಮಿಗೆ ಸುತ್ತುವ ತಾಮ್ರದ ಹಾಳೆ ಇದಕ್ಕಿಂತಲೂ ಹಟಮಾರಿ. ಟೈಟಾನಿಯಂ ಶಾಖ ಬಿಟ್ಟುಕೊಡುವುದಿಲ್ಲ, ಆದರೆ ಗಾಳಿಯಲ್ಲಿ ಕಾಯಿಸಿದರೆ ಮೇಲ್ಮೈ ಪೆಡಸಾಗುತ್ತದೆ. ಅದಕ್ಕೇ ಗಾಳಿ ತಾಗದಂತೆ ಆರ್ಗಾನ್ ಅನಿಲ ಬೇಕು.

ತೆಳು ಹಾಳೆಗೆ ಅಗಲವಾದ ಕಿರಣ ಬಿಟ್ಟು ನಿಧಾನಕ್ಕೆ ಓಡಿಸಿದರೆ ಕಥೆಯೇ ಬೇರೆ. ಇಡೀ ದಪ್ಪ ಕಾದು ಹಾಳೆ ಉಬ್ಬುತ್ತದೆ, ಈಚೆಗೂ ಬಾಗಬಹುದು, ಆಚೆಗೂ ಬಾಗಬಹುದು.

ಸೂರಿನ ಗಟರಿಗೆ ಹಾಕುವ ಜಿಐ ಶೀಟಿಗೆ (ಸತು ಲೇಪಿಸಿದ ಉಕ್ಕಿನ ಹಾಳೆಗೆ) ಮಾತ್ರ ಈ ವಿಧಾನ ಬೇಡ. ಅದರ ಮೇಲಿನ ಸತು 419 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಉಕ್ಕು ಬಾಗಲು ಅದಕ್ಕಿಂತ ಹೆಚ್ಚು ಕಾವು ಬೇಕು. ನೀರು ನಿಲ್ಲುವ ಮಡಿಕೆಯಲ್ಲೇ ಲೇಪನ ಹೋದರೆ ನಮ್ಮ ಮಳೆಗೆ ಅಲ್ಲಿಂದಲೇ ತುಕ್ಕು ಶುರು. ಅಂಥದ್ದಕ್ಕೆ ಪ್ರೆಸ್ ಬ್ರೇಕೇ ಸರಿ.